999 ಬಿಟ್ಟು ನಿಮ್ಮ ಮೆಚ್ಚಿನ ಚಿತ್ರ ಯಾವುದು? (ಕೊಂಡಿ ಇದ್ದರೆ ಮಾತ್ರ ಹೇಳಿ)

ಗಾಂಧಿಕ್ಲಾಸ್ ಗಿರಾಕಿ

ಭಾನುವಾರ ಊಟ ಮುಗಿಸಿ ಮತ್ತೆ ‘ಜೇಡರ ಬಲೆ’ ಹಾಕಿಕೊಂಡು ಕೂತೆ, ಅದೇ ಅಣ್ಣಾವ್ರು (ರಾಜ್‌ಕುಮಾರ್) ಗೂಢಚಾರ ಪ್ರಕಾಶ, ಅಂದರೆ ಸಿ.ಐ.ಡಿ. 999 ಆಗಿರುವ ಚಿತ್ರ. ಎಷ್ಟನೇ ಸಲ ಅಂತ ಕೇಳಬೇಡಿ. ಮನೆಯವರು ಒಳಗಿಂದ, "ಆ ಪ್ರಕಾಶ ಇನ್ನೂ ಕಳ್ಳರನ್ನ ಹಿಡಿದಿಲ್ವಾ?" ಅಂದರು. ಮರ್ಯಾದೆ ಹೋಯಿತು.

ಯೋಚನೆ ಮಾಡಿ. 1968ರಲ್ಲಿ ‘ಜೇಡರ ಬಲೆ’, ಅದೇ ವರ್ಷ ‘ಗೋವಾದಲ್ಲಿ ಸಿ.ಐ.ಡಿ. 999’, 1969ರಲ್ಲಿ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999’, ಆಮೇಲೆ ಒಂಬತ್ತು ವರ್ಷ ಸುಮ್ಮನಿದ್ದು 1978ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’. ಇರೋದೇ ನಾಲ್ಕು. ಅದನ್ನೇ ನಾವಿಲ್ಲಿ ರುಬ್ಬಿ ರುಬ್ಬಿ ಹಿಟ್ಟು ಮಾಡಿದ್ದೇವೆ. ಯಾವ ಸೂಟು, ಯಾವ ಕಾರು, ಯಾವ ವಿಗ್ಗು, ಎಲ್ಲ ಮುಗಿಯಿತು.

ಅದಕ್ಕೆ ಹೊಸ ಆಟ. 999 ಬಿಟ್ಟು ನಿಮಗಿಷ್ಟದ ಒಂದು ಚಿತ್ರ ಹೇಳಿ. ಆದರೆ ಈ ನಾಲ್ಕರಲ್ಲಿ ಕೆಲಸ ಮಾಡಿದ ಒಬ್ಬರಾದರೂ ಅದರಲ್ಲಿ ಇರಬೇಕು. ಅದೇ ಕೊಂಡಿ. ಅಣ್ಣಾವ್ರ ಕೊಂಡಿ ಲೆಕ್ಕಕ್ಕಿಲ್ಲ. ಇನ್ನೂರಕ್ಕೂ ಜಾಸ್ತಿ ಚಿತ್ರ ಮಾಡಿದವರು, ಅವರನ್ನ ಸೇರಿಸಿದರೆ ಆಟ ಎಲ್ಲಿ ಉಳಿಯಿತು? ‘ಬಂಗಾರದ ಮನುಷ್ಯ’ ಕೂಡ ಹೇಳೋ ಹಾಗಿಲ್ಲ. ಮೆಚ್ಚಿನ ತಿಂಡಿ ಯಾವುದು ಅಂತ ಕೇಳಿದರೆ ಅನ್ನ ಅಂದ ಹಾಗೆ ಆಗುತ್ತೆ. ನಿಯಮ ಮುರಿದವರಿಗೆ ದಂಡ ಇದೆ. ದಂಡ ಏನು ಅಂತ ಆಮೇಲೆ.

ನಾನೇ ಶುರು ಮಾಡುತ್ತೇನೆ. ‘ಕಸ್ತೂರಿ ನಿವಾಸ’, 1971. ಕೊಂಡಿ ದೊರೈ–ಭಗವಾನ್, 999 ಚಿತ್ರಗಳ ನಿರ್ದೇಶಕರು. ಪಿಸ್ತೂಲು, ಗುಪ್ತ ಬಾಗಿಲು ಅಂತ ಓಡಾಡುತ್ತಿದ್ದ ಅದೇ ಜೋಡಿ, ಜಾಕ್‌ಪಾಟ್ ಆದ ಎರಡೇ ವರ್ಷಕ್ಕೆ ಬೆಂಕಿಪೊಟ್ಟಣದ ಕಾರ್ಖಾನೆ ಮಾಲೀಕನೊಬ್ಬ ಇರೋದನ್ನೆಲ್ಲ ಕೊಟ್ಟು ಕೊಟ್ಟು ಬರಿಗೈ ಆಗುವ ಕಥೆ ಮಾಡಿದರು. ಆ ತಂಜಾವೂರು ಗೊಂಬೆ ನೋಡಿ. ತಳ್ಳಿದರೆ ವಾಲುತ್ತೆ, ಮತ್ತೆ ಎದ್ದು ನಿಲ್ಲುತ್ತೆ. ‘ಆಡಿಸಿ ನೋಡು ಬೀಳಿಸಿ ನೋಡು’ ಹಾಡು ಬಂದಾಗ ನಾನು ಬರೀ ಗೊಂಬೆಯನ್ನೇ ನೋಡುತ್ತಿದ್ದೆ, ಚಿಕ್ಕವನಿದ್ದಾಗ. ಈಗ ಅದರ ಪಕ್ಕದಲ್ಲಿರುವ ಮುಖ ನೋಡುತ್ತೇನೆ.

ಹ್ಞಾಂ, ಕೊನೆಯ ಪಾರಿವಾಳದ ವಿಷಯ ಬೇಡ. ನನಗೆ ಆಗಲ್ಲ.

ಬಾಲ್ಕನಿ ಭಾಗ್ಯ

ಗಿರಾಕಿ ಸಾರ್, ನೀವು ಪಾರಿವಾಳ ಬೇಡ ಅಂದರೂ ನಾನು ಹೇಳುತ್ತೇನೆ. ಐವತ್ತು ವರ್ಷ ದಾಟಿದ ಚಿತ್ರ, ಕಥೆ ಹೇಳಿದರೆ ಯಾರಿಗೂ ನಷ್ಟ ಇಲ್ಲ. ಮನೆಗೆ ಬಂದವಳಿಗೆ ಊಟ ಹಾಕೋಕೆ ಅಂತ ಸಾಕಿದ ಪಾರಿವಾಳವನ್ನೇ ಕಳೆದುಕೊಳ್ಳುತ್ತಾನೆ. ಅವಳು ಕೇಳೋಕೆ ಬಂದಿದ್ದೇ ಆ ಪಾರಿವಾಳ. ಥಿಯೇಟರ್ ಪೂರ್ತಿ ಮೂಗು ಒರೆಸುವ ಸದ್ದು. 2014ರಲ್ಲಿ ಬಣ್ಣ ಹಾಕಿ ಮತ್ತೆ ಬಿಟ್ಟಾಗಲೂ ಅದೇ ಕಥೆ, ನನ್ನ ಪಕ್ಕದ ಕಾಲೇಜು ಹುಡುಗ ಟಿಶ್ಯೂ ಕೇಳಿದ.

ನಾನೂ ಅತ್ತೆ. ಆದರೆ ಮನೆಗೆ ಬಂದು ಮುಖ ತೊಳೆದ ಮೇಲೆ ಸಿಟ್ಟು ಬಂತು. ಇಷ್ಟು ಕೊಡೋದು ಒಳ್ಳೆಯತನವಾ, ಚಟವಾ? ಕೇಳಿದವರಿಗೆ ಇಲ್ಲ ಅನ್ನೋಕೆ ಬರದ ಗಂಡಸನ್ನು ಕಟ್ಟಿಕೊಂಡ ಮನೆಗಳನ್ನು ನಾನು ನೋಡಿದ್ದೇನೆ. ಅಲ್ಲಿ ಹಾಡು ಇರಲ್ಲ, ಸಾಲದವರು ಇರುತ್ತಾರೆ.

ನನ್ನ ಆಯ್ಕೆ ‘ಎರಡು ಕನಸು’, 1974. ಅದೇ ನಿರ್ದೇಶಕರು, ಹಾಗಾಗಿ ಕೊಂಡಿ ಸರಿ ಇದೆ. ವಾಣಿ ಅವರ ಕಾದಂಬರಿ. ರಾಜನ್–ನಾಗೇಂದ್ರ ಸಂಗೀತ. ಎಲ್ಲರೂ ‘ಎಂದೆಂದೂ ನಿನ್ನನು ಮರೆತು’ ಅಂತ ಹಾಡುತ್ತಾರೆ. ನನಗೆ ‘ಪೂಜಿಸಲೆಂದೇ ಹೂಗಳ ತಂದೆ’. ಕಲ್ಪನಾ ದೇವರ ಬಾಗಿಲು ತೆರೆಯೋ ರಾಮ ಅಂತ ಹಾಡುತ್ತಿದ್ದಾಳೆ. ಗಂಡನ ಹೆಸರೂ ರಾಮಚಂದ್ರನೇ. ಬೇರೆಯವಳನ್ನು ನೆನೆಸಿಕೊಂಡು ಹೆಂಡತಿಯ ಜೊತೆ ಸರಿಯಾಗಿ ಮಾತೂ ಆಡದ ಮನುಷ್ಯ. ಅವಳು ಯಾವ ಬಾಗಿಲ ಮುಂದೆ ನಿಂತಿದ್ದಾಳೆ ಅನ್ನೋದು ನನಗೆ ಗೊತ್ತಾಗಿದ್ದು ಮದುವೆಯಾಗಿ ಎರಡು ವರ್ಷದ ಮೇಲೆ. ಅದಕ್ಕೂ ಮೊದಲು ಅದು ಭಕ್ತಿಗೀತೆ ಅಂತಲೇ ಅಂದುಕೊಂಡಿದ್ದೆ, ಶನಿವಾರ ಬೆಳಿಗ್ಗೆ ದೇವರ ಮನೆಯಲ್ಲಿ ಗುನುಗುತ್ತಿದ್ದೆ!

ಸೊನ್ನೆ ಸೊನ್ನೆ ಏಳು

ಆಟ ಚೆನ್ನಾಗಿದೆ. ಆದರೆ ಬುಡದಿಂದ ಶುರು ಮಾಡೋಣ. 1962ರಲ್ಲಿ ‘ಡಾಕ್ಟರ್ ನೋ’ ಬರದೇ ಇದ್ದಿದ್ದರೆ 999 ಎಲ್ಲಿಂದ ಬರುತ್ತಿತ್ತು? 007 ತಲೆಕೆಳಗೆ ಮಾಡಿ ಒಂದೆರಡು ಗೆರೆ ಎಳೆದರೆ ನಮ್ಮ ನಂಬರ್. ತೆಲುಗಿನವರು 1966ರಲ್ಲಿ ‘ಗೂಢಚಾರಿ 116’ ಮಾಡಿದರು, ಹಿಂದಿಯವರು ಮರುವರ್ಷ ಅದನ್ನೇ ‘ಫರ್ಜ್’ ಮಾಡಿದರು. ಆಗ ಎಲ್ಲರಿಗೂ ಮೂರು ಅಂಕಿ ಬೇಕಿತ್ತು.

ಆದ್ದರಿಂದ ಕೊಂಡಿ: ಶಾನ್ ಕಾನರಿ. ಚಿತ್ರ: ‘ದಿ ಹಿಲ್’, 1965. ಮರುಭೂಮಿಯಲ್ಲಿ ಬ್ರಿಟಿಷ್ ಸೇನೆಯ ಜೈಲು, ಶಿಕ್ಷೆ ಅಂದರೆ ಮರಳಿನ ಗುಡ್ಡ ಹತ್ತು, ಇಳಿ, ಮತ್ತೆ ಹತ್ತು. ಸೂಟಿಲ್ಲ, ಹುಡುಗಿಯರಿಲ್ಲ, ಬೆವರು ಮಾತ್ರ. ಬಾಂಡ್ ಆಗಿ ಉತ್ತುಂಗದಲ್ಲಿದ್ದಾಗಲೇ ಕಾನರಿ ಇದನ್ನು ಮಾಡಿದರು.

ಗಾಂಧಿಕ್ಲಾಸ್ ಗಿರಾಕಿ

ಶಾನ್ ಕಾನರಿ ನಮ್ಮ ಯಾವ ಚಿತ್ರದಲ್ಲಿ ಕೆಲಸ ಮಾಡಿದ್ದರು ಮಾರಾಯ್ರೇ? ಮೊದಲನೇ ದಂಡ ನಿಮಗೇ. ಭಾಗ್ಯ ಮೇಡಂ ಹೇಳಿದ ‘ಎರಡು ಕನಸು’ ಪೂರ್ತಿ ನೋಡಬೇಕು. ಓಡಿಸಿಕೊಂಡು ನೋಡೋ ಹಾಗಿಲ್ಲ. ನೋಡಿ ಬಂದು ಇಲ್ಲೇ ಬರೀಬೇಕು.

ರೀಲ್ ಡಬ್ಬ

ಈ ನಾಲ್ಕನ್ನೂ ನಾನು ನೋಡಿದ್ದು ಟೆಂಟ್‌ನಲ್ಲಿ. ನಮ್ಮಪ್ಪ ಅಲ್ಲಿ ಆಪರೇಟರ್. ‘ನಮೋ ವೆಂಕಟೇಶ’ ಹಾಕಿದರು ಅಂದರೆ ಅರ್ಧ ಊರು ಎದ್ದು ಹೊರಡುತ್ತಿತ್ತು. ಮಿಷನ್ನಿನ ಒಳಗೆ ಎರಡು ಕಾರ್ಬನ್ ಕಡ್ಡಿ ಉರಿಯುತ್ತಾ ಇರಬೇಕು, ಉರಿದು ಚಿಕ್ಕದಾದಂತೆ ಹತ್ತಿರ ತರುತ್ತಾ ಇರಬೇಕು. ಅಪ್ಪ ಬೀಡಿ ಸೇದೋಕೆ ಹೊರಗೆ ಹೋದರೆ ಪರದೆ ಮೇಲೆ ಸಂಜೆ ಆಗಿಬಿಡೋದು.

ಒಂದು ರಾತ್ರಿ ‘ಗೋವಾದಲ್ಲಿ’ ಹಾಕಿದಾಗ ಡಬ್ಬದ ಮೇಲಿನ ನಂಬರ್ ಅಳಿಸಿಹೋಗಿ ರೀಲು ಹಿಂದುಮುಂದಾಯಿತು. ಗುಂಡೇಟು ತಿಂದು ಬಿದ್ದವನು ಹತ್ತು ನಿಮಿಷ ಬಿಟ್ಟು ಆರಾಮಾಗಿ ಬಂದು ಮಾತಾಡಿದ. ಯಾರೂ ಗಲಾಟೆ ಮಾಡಲಿಲ್ಲ ನೋಡಿ! "ಅವಳಿ ಜವಳಿ ಇರಬೇಕು ಕಣ್ಲಾ" ಅಂದುಕೊಂಡು ನೋಡಿದರು. ಪತ್ತೇದಾರಿ ಚಿತ್ರದಲ್ಲಿ ಜನ ಏನನ್ನು ಬೇಕಾದರೂ ನಂಬುತ್ತಾರೆ. (ಹಾಗೇ ಒಂದು ಮಾತು. ಗೋವಾ ಭಾರತಕ್ಕೆ ಸೇರಿದ್ದು 1961ರ ಕೊನೆಗೆ. ಆಗಿನ್ನೂ ಏಳು ವರ್ಷ. ನಮ್ಮೂರಿನವರಿಗೆ ಅದು ಹೊರದೇಶದ ಹಾಗೇ ಇತ್ತು.)

ತುಂಡಾದ ಫಿಲ್ಮ್ ಚೂರುಗಳು ನಮ್ಮ ಪಾಲಿಗೆ. ಹಾಳಾದ ಬಲ್ಬಿನ ಒಳಗಿನ ತಂತಿ ತೆಗೆದು ನೀರು ತುಂಬಿ, ಕನ್ನಡಿಯಿಂದ ಬಿಸಿಲು ಬಿಟ್ಟು ಗೋಡೆ ಮೇಲೆ ಸಿನಿಮಾ ಬಿಡುತ್ತಿದ್ದೆವು. ನನ್ನ ಹತ್ತಿರ ಇದ್ದದ್ದು ಲಕ್ಷ್ಮಿಯವರ ಒಂದು ಚೂರು. ಕನ್ನಡದಲ್ಲಿ ಅವರ ಮೊದಲ ಚಿತ್ರ ಅದೇ ಗೋವಾ.

ಅದಕ್ಕೇ ನನ್ನ ಕೊಂಡಿ ಲಕ್ಷ್ಮಿ. ಚಿತ್ರ ‘ಗಾಳಿ ಮಾತು’, 1981. ತ.ರಾ.ಸು. ಅವರ ಕಾದಂಬರಿ, ದೊರೈ–ಭಗವಾನ್ ನಿರ್ದೇಶನ, ಅಂದರೆ ಎರಡು ಕೊಂಡಿ. ಎಲ್ಲರೂ ‘ಒಮ್ಮೆ ನಿನ್ನನ್ನು ಕಣ್ತುಂಬ’ ಹಾಡು ಕೇಳಿರುತ್ತಾರೆ, ಚಿತ್ರ ನೋಡಿದವರು ಕಡಿಮೆ. ಊರಿನ ಬಾಯಿ ಒಂದು ಹೆಣ್ಣಿನ ಬಾಳನ್ನು ಹೇಗೆ ತಿಂದು ಹಾಕುತ್ತೆ ಅನ್ನೋದೇ ಕಥೆ. ಪಿಸ್ತೂಲೇ ಇಲ್ಲ, ಆದರೂ ನನಗೆ 999ಕ್ಕಿಂತ ಜಾಸ್ತಿ ಭಯ ಆಗಿದ್ದು ಇದರಲ್ಲಿ. ಗೋವಾದಲ್ಲಿ ಕೇಡಿಗಳ ಅಡ್ಡೆಯಾದರೂ ಇತ್ತು, ನುಗ್ಗಿ ಹಿಡಿಯಬಹುದಿತ್ತು. ಇಲ್ಲಿ ಎಲ್ಲಿಗೆ ನುಗ್ಗುತ್ತೀರಿ? ಬಾವಿಕಟ್ಟೆಗಾ?

ಹುಬ್ಬಳ್ಳಿ ಮಿರ್ಚಿ

ಎಲ್ಲರೂ ನಿರ್ದೇಶಕರ ಬೆನ್ನು ಹತ್ತಿದ್ದೀರಲ್ರೀ. ಸಂಗೀತದವರನ್ನು ಯಾರೂ ನೆನೆಸಲ್ಲ. ಜಿ.ಕೆ. ವೆಂಕಟೇಶ್! ಜೇಡರ ಬಲೆಯಿಂದ ಡೈಮಂಡ್ ರಾಕೆಟ್ ತನಕ ಅವರದೇ. ಆ ‘ಇಫ್ ಯೂ ಕಮ್ ಟುಡೇ’ ಹಾಡನ್ನು ಈಗಿನ ಹುಡುಗರು ಮೊಬೈಲ್‌ನಲ್ಲಿ ತಮಾಷೆಗೆ ಹಾಕಿಕೊಂಡು ಕುಣಿಯುತ್ತಾರೆ. ಕುಣಿಯಲಿ ಬಿಡಿ. ಆದರೆ ಆ ಹಾಡು ಮಾಡುವುದಕ್ಕೆ ಒಂದು ವರ್ಷ ಮೊದಲು ಇದೇ ಮನುಷ್ಯ ಏನು ಮಾಡಿದ್ದರು ಗೊತ್ತೇನು? ‘ಸನಾದಿ ಅಪ್ಪಣ್ಣ’, 1977. ಕೃಷ್ಣಮೂರ್ತಿ ಪುರಾಣಿಕರ ಕಾದಂಬರಿ. ವಿಜಯ್ ನಿರ್ದೇಶನ. ಶಹನಾಯಿ ಯಾರದ್ದು? ಉಸ್ತಾದ್ ಬಿಸ್ಮಿಲ್ಲಾ ಖಾನ್ ಅವರದ್ದು!

‘ಕರೆದರೂ ಕೇಳದೆ’ ಹಾಡನ್ನು ಒಮ್ಮೆ ಕಿವಿ ಮುಚ್ಚಿಕೊಂಡು ನೋಡಿ. ಹೌದು, ಮುಚ್ಚಿಕೊಂಡು. ಅಣ್ಣಾವ್ರ ಕೆನ್ನೆ ನೋಡಿ, ಬೆರಳು ನೋಡಿ, ಉಸಿರು ಎಲ್ಲಿ ತಗೋತಾರೆ ನೋಡಿ. ನಮ್ಮ ಓಣಿಯಲ್ಲಿ ಮದುವೆಗೆ ಸನಾದಿ ಊದುವ ಕಾಕಾ ಒಬ್ಬರಿದ್ದರು. ಸಿನಿಮಾದವರು ಸುಮ್ಮನೆ ಬಾಯಿಗೆ ಇಟ್ಟುಕೊಂಡು ನಿಲ್ಲುತ್ತಾರೆ ಅಂತ ಅವರ ತಕರಾರು. ಈ ಚಿತ್ರ ನೋಡಿ ಬಂದ ಮೇಲೆ ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ, "ಆತ ಉಸಿರು ಕಲಿತಾನ" ಅಂದರು. ಅಷ್ಟೇ. ಆಮೇಲೆ ಕೈಚೀಲದಲ್ಲಿ ಆ ಚಿತ್ರದ ಹಾಡಿನ ಪುಸ್ತಕ ಇಟ್ಟುಕೊಂಡು ಓಡಾಡುತ್ತಿದ್ದರು, ಓದಲು ಬರುತ್ತಿರಲಿಲ್ಲ ಅವರಿಗೆ.

ಗಿರಾಕಿಯವರೇ, ನಿಮ್ಮ ಕಸ್ತೂರಿ ನಿವಾಸದ ಸಂಗೀತವೂ ಇವರದೇ. ಹೆಸರು ಹೇಳಲೇ ಇಲ್ಲ ನೀವು. ನಿಮಗೂ ಅರ್ಧ ದಂಡ ಹಾಕಬೇಕು.

ಗಾಂಧಿಕ್ಲಾಸ್ ಗಿರಾಕಿ

ಒಪ್ಪಿದೆ. ಅರ್ಧ ಅಲ್ಲ, ಪೂರ್ತಿ ಹಾಕಿ.

ಮಸಾಲೆಪುರಿ

ಹಲೋ ಎಲ್ಲರಿಗೂ. ಇಲ್ಲಿ ನಾನೇ ಚಿಕ್ಕವನು ಅನಿಸುತ್ತೆ. ನಾನು 999 ನೋಡಲು ಶುರು ಮಾಡಿದ್ದೇ ಆ ‘ಇಫ್ ಯೂ ಕಮ್ ಟುಡೇ’ ರೀಲ್ಸ್ ನೋಡಿ. ಮಿರ್ಚಿ ಅಣ್ಣ ಬೈಯಬೇಡಿ! ಬೆಲ್‌ಬಾಟಮ್ ನೋಡಿ ನಕ್ಕೆ, ಆಮೇಲೆ ಆಗ ಅಣ್ಣಾವ್ರಿಗೆ 49 ವರ್ಷ ಅಂತ ಗೊತ್ತಾಗಿ ನಗು ನಿಂತಿತು. ಆ ವಯಸ್ಸಿನಲ್ಲಿ ನಮ್ಮಪ್ಪ ಮೆಟ್ಟಿಲು ಹತ್ತಿದರೆ ಸೋಫಾ ಹುಡುಕುತ್ತಾರೆ.

ನನ್ನ ಆಯ್ಕೆ ಶಂಕರ್‌ನಾಗ್ ಅವರ ‘ಆಕ್ಸಿಡೆಂಟ್’. ದೊಡ್ಡ ಮನೆಯ ಹುಡುಗ ಮತ್ತಿನಲ್ಲಿ ಗಾಡಿ ಓಡಿಸಿ ಫುಟ್‌ಪಾತ್ ಮೇಲೆ ಮಲಗಿದ್ದವರ ಮೇಲೆ ಹತ್ತಿಸುತ್ತಾನೆ. ಅಪ್ಪ ರಾಜಕಾರಣಿ, ಅನಂತ್‌ನಾಗ್. ಕೇಸು ಮುಚ್ಚಿಹಾಕೋ ಕೆಲಸ ಶುರು. ಪತ್ರಕರ್ತನಾಗಿ ಶಂಕರ್‌ನಾಗ್ ಬೆನ್ನು ಹತ್ತುತ್ತಾರೆ. ಹಾಡೇ ಇಲ್ಲ. ಹೆಡ್‌ಫೋನ್ ಹಾಕಿಕೊಂಡು ನೋಡಿದೆ, ಆ ಹಿನ್ನೆಲೆ ಸಂಗೀತಕ್ಕೆ ಕೈ ತಣ್ಣಗಾಯಿತು. ಇವತ್ತಿನ ಪೇಪರ್ ತೆಗೆದರೂ ಅದೇ ಸುದ್ದಿ ಅಲ್ವಾ, ಗಾಡಿ ಮಾತ್ರ ಬೇರೆ.

ಕೊಂಡಿ: ಸಂಗೀತ ಇಳಯರಾಜ. ಇಳಯರಾಜ ಅವರು ಜಿ.ಕೆ. ವೆಂಕಟೇಶ್ ಅವರ ಸಹಾಯಕರಾಗಿದ್ದವರು. ನಡೆಯುತ್ತಾ?

ಬಾಲ್ಕನಿ ಭಾಗ್ಯ

ಇದು ಸೋದರತ್ತೆಯ ನಾದಿನಿಯ ಮಗಳು ಅಂದ ಹಾಗಾಯಿತು. ಸಂಬಂಧ ಇದೆ, ಆದರೆ ಮದುವೆಗೆ ಕರೆಯುವಷ್ಟು ಇಲ್ಲ.

ಹುಬ್ಬಳ್ಳಿ ಮಿರ್ಚಿ

ಕರೀಬೇಕ್ರೀ! ಗುರು–ಶಿಷ್ಯ ಅಂದರೆ ರಕ್ತಸಂಬಂಧಕ್ಕಿಂತ ಹೆಚ್ಚು. ಇಳಯರಾಜ ವರ್ಷಗಟ್ಟಲೆ ವೆಂಕಟೇಶರ ಕೈಕೆಳಗೆ ದುಡಿದವರು. ಅದೇ ಮನೆಯ ಇನ್ನೊಬ್ಬ ಶಿಷ್ಯ ಎಲ್. ವೈದ್ಯನಾಥನ್. ಯಾರಂತೀರಾ? ಮಾಲ್ಗುಡಿ ಡೇಸ್‌ನ ‘ತಾನಾ ನ ತಾನ ನ ನಾ’ ಮಾಡಿದವರು. ಅದೂ ಶಂಕರ್‌ನಾಗ್ ಕೆಲಸವೇ. ಹುಡುಗ ಗೊತ್ತಿಲ್ಲದೇ ಸರಿಯಾದ ಬಾಗಿಲು ತಟ್ಟಿದ್ದಾನೆ.

ತಮ್ಮಾ, ನಾನು ಬೈಯಲ್ಲ. ಸನಾದಿ ಅಪ್ಪಣ್ಣ ನೋಡು.

ಗಾಂಧಿಕ್ಲಾಸ್ ಗಿರಾಕಿ

ಸರಿ, ಶಿಷ್ಯರಿಗೂ ಪ್ರವೇಶ. ಶಿಷ್ಯರ ಶಿಷ್ಯರಿಗೆ ಇಲ್ಲ, ಹಾಗೆ ಬಿಟ್ಟರೆ ನಾಳೆ ನಮ್ಮ ಮದುವೆ ವಿಡಿಯೋ ಕೂಡ ಸೇರಿಕೊಳ್ಳುತ್ತೆ.

ತುಂಗೆಯ ತೀರ

ಮೂರು ದಿನದಿಂದ ಓದುತ್ತಾ ಇದ್ದೆ. ಯಾರಾದರೂ ಜಯಂತಿಯವರ ಹೆಸರು ಎತ್ತುತ್ತಾರೆ ಅಂತ ಕಾದೆ. ಯಾರೂ ಎತ್ತಲಿಲ್ಲ. ಜೇಡರ ಬಲೆಯ ನಾಯಕಿ ಅವರು, ಸ್ವಾಮಿ! ಕಸ್ತೂರಿ ನಿವಾಸದಲ್ಲಿ ಆ ಪಾರಿವಾಳ ಕೇಳೋಕೆ ಬರುವವರೂ ಅವರೇ.

‘ಎಡಕಲ್ಲು ಗುಡ್ಡದ ಮೇಲೆ’, 1973. ಪುಟ್ಟಣ್ಣ ಕಣಗಾಲ್. ಭಾರತೀಸುತರ ಕಾದಂಬರಿ. ಗಂಡ ಸೇನೆಯಲ್ಲಿದ್ದವನು, ಗಾಯಗೊಂಡು ಮನೆಗೆ ಬಂದಿದ್ದಾನೆ. ಹೆಂಡತಿಗೆ ಗಂಡ ಇದ್ದಾನೆ, ಸಂಸಾರ ಇಲ್ಲ. ಅಲ್ಲಿಗೆ ಒಬ್ಬ ಹುಡುಗ ಬರುತ್ತಾನೆ. ಆ ಹುಡುಗನ ಪಾತ್ರ ಮಾಡಿದ ಚಂದ್ರಶೇಖರ್ ಅವರ ಹೆಸರಿಗೆ ಕೊನೆಯವರೆಗೂ ‘ಎಡಕಲ್ಲು’ ಅಂಟಿಕೊಂಡೇ ಇತ್ತು.

ನಮ್ಮ ಅಮ್ಮ ಇದನ್ನು ಮದುವೆಗೆ ಮೊದಲು ತಮ್ಮ ಅಕ್ಕನ ಜೊತೆ ಕದ್ದು ನೋಡಿದ್ದರಂತೆ. ಮನೆಯಲ್ಲಿ ದೇವರ ಚಿತ್ರಕ್ಕೆ ಹೋಗುತ್ತೇವೆ ಅಂತ ಹೇಳಿ ಹೋಗಿದ್ದು. ವಾಪಸ್ ಬಂದಾಗ ಅಜ್ಜ, "ಯಾವ ದೇವರು?" ಅಂತ ಕೇಳಿದರೆ ಇಬ್ಬರೂ ಒಟ್ಟಿಗೆ ಬೇರೆ ಬೇರೆ ದೇವರ ಹೆಸರು ಹೇಳಿದ್ದಾರೆ. ಸಿಕ್ಕಿಬಿದ್ದರು. ಅದಕ್ಕೇ ನಮ್ಮ ಮನೆಯಲ್ಲಿ ಈಗಲೂ ಯಾರಾದರೂ ಸುಳ್ಳು ಹೇಳಿದರೆ "ಯಾವ ದೇವರು?" ಅಂತ ಕೇಳುವ ಅಭ್ಯಾಸ.

ನಾನು ನೋಡಿದ್ದು ತುಂಬಾ ತಡವಾಗಿ, ಒಬ್ಬಳೇ. ‘ವಿರಹಾ ನೂರು ನೂರು ತರಹಾ’ ಬಂದಾಗ ಕಿಟಕಿ ಮುಚ್ಚಿ ಬಂದೆ, ಪಕ್ಕದ ಮನೆಯವರಿಗೆ ಕೇಳಿಸಬಾರದು ಅಂತ. ಯಾಕೆ ಅಂತ ನನಗೇ ಗೊತ್ತಿಲ್ಲ. ಅದು ರೇಡಿಯೋದಲ್ಲಿ ದಿನಾ ಬರುವ ಹಾಡು. ಜಯಂತಿಯವರು ಆ ಪಾತ್ರವನ್ನು ಪಾಪದವಳಾಗಿಯೂ ಮಾಡಲಿಲ್ಲ, ಪಾಪಿಯಾಗಿಯೂ ಮಾಡಲಿಲ್ಲ. ಹಸಿವಾದವರು ಅಡುಗೆಮನೆ ಕಡೆ ನೋಡುವ ಹಾಗೆ ನೋಡುತ್ತಾರೆ, ಅಷ್ಟೇ. ಗೂಢಚಾರರ ಜೊತೆ ಓಡಾಡುವಾಗ ಇಷ್ಟು ನೋಡೋಕೆ ಅವರಿಗೆ ಯಾರು ಅವಕಾಶ ಕೊಟ್ಟರು?

ಬಾಲ್ಕನಿ ಭಾಗ್ಯ

ತೀರ ಅಕ್ಕಾ, ಯಾವ ದೇವರು!! ನಕ್ಕು ನಕ್ಕು ಕಾಫಿ ಚೆಲ್ಲಿದೆ.

ಅಂಧೇರಿ ಕನ್ನಡಿಗ

ಮುಂಬೈಯಿಂದ. ಇಲ್ಲಿ ಆಫೀಸಿನಲ್ಲಿ ನನಗೆ ಒಂದು ಪಂದ್ಯ ಇದೆ, ವರ್ಷಕ್ಕೊಮ್ಮೆ ಹೊಸಬರು ಬಂದಾಗ ಗೆಲ್ಲುತ್ತೇನೆ. ರೇಖಾ ಮೊದಲ ಸಲ ನಾಯಕಿಯಾಗಿದ್ದು ಯಾವ ಭಾಷೆಯಲ್ಲಿ? ಎಲ್ಲರೂ ಹಿಂದಿ ಅಂತಾರೆ, ಬುದ್ಧಿವಂತರು ತಮಿಳು ಅಂತಾರೆ. ಉತ್ತರ ಕನ್ನಡ. 1969ರ ಜಾಕ್‌ಪಾಟ್. ಮರುವರ್ಷ ಹಿಂದಿಯಲ್ಲಿ ‘ಸಾವನ್ ಭಾದೋ’ ಬಂತು, ಆಮೇಲೆ ನಮಗೆ ಸಿಗಲಿಲ್ಲ. ಪ್ರತಿ ಸಲ ಒಂದು ವಡಾಪಾವ್ ನನಗೆ.

ನನ್ನ ಆಯ್ಕೆ ‘ಉಮ್ರಾವ್ ಜಾನ್’, 1981. ರಾಷ್ಟ್ರಪ್ರಶಸ್ತಿ ಬಂದಿದ್ದು ಅದಕ್ಕೆ. ಜಾಕ್‌ಪಾಟ್ ನೋಡಿ ತಕ್ಷಣ ಇದನ್ನು ನೋಡಿ, ಹನ್ನೆರಡು ವರ್ಷದಲ್ಲಿ ಒಬ್ಬ ಮನುಷ್ಯ ಕಣ್ಣನ್ನು ಎಷ್ಟು ಪಳಗಿಸಬಹುದು ಅಂತ ಗೊತ್ತಾಗುತ್ತೆ. ಜಾಕ್‌ಪಾಟ್‌ನಲ್ಲಿ ಪಾಪ, ಕ್ಯಾಮೆರಾ ಎಲ್ಲಿದೆ ಅಂತಲೇ ಹುಡುಕುವ ಹುಡುಗಿ.

ಕಾಫಿ ತೋಟ

‘ಪ್ರೇಮದ ಕಾಣಿಕೆ’, 1976. ರೈಲಿನಲ್ಲಿ ಕೊಲೆ ನೋಡಿದ ಹೆಣ್ಣು, ಕೆಲಸಕ್ಕೆ ಸೇರಿದ ಎಸ್ಟೇಟ್ ಮನೆಯಲ್ಲಿ ಅದೇ ಕೊಲೆಗಾರನ ಮುಖ ನೋಡುತ್ತಾಳೆ. ಆ ಮುಖ ಅಣ್ಣಾವ್ರದು! ಕಥೆ ಸಲೀಂ–ಜಾವೇದ್. ಆರು ತಿಂಗಳ ಕೂಸಾಗಿ ಪುನೀತ್. ‘ಬಾನಿಗೊಂದು ಎಲ್ಲೆ ಎಲ್ಲಿದೆ’.

ಕೊಂಡಿ: ಚಿ. ಉದಯಶಂಕರ್. ಡೈಮಂಡ್ ರಾಕೆಟ್‌ನ ಆ ಇಂಗ್ಲಿಷ್ ಹಾಡು ಬರೆದವರು.

ಗಾಂಧಿಕ್ಲಾಸ್ ಗಿರಾಕಿ

ಚಿ. ಉದಯಶಂಕರ್ ಕೊಂಡಿ ಒಪ್ಪಿದರೆ ಕನ್ನಡ ಚಿತ್ರರಂಗದ ಅರ್ಧ ಈ ಬಾಗಿಲಲ್ಲಿ ಬಂದು ನಿಲ್ಲುತ್ತೆ. ಆದರೂ ಈ ಚಿತ್ರಕ್ಕೋಸ್ಕರ ಬಿಟ್ಟೆ. 999 ನೋಡಿ ಅಣ್ಣಾವ್ರು ಯಾವಾಗಲೂ ಕಾನೂನಿನ ಕಡೆ ಅಂತ ನಂಬಿದ್ದ ನನ್ನಂಥವನಿಗೆ ಆ ರೈಲಿನ ದೃಶ್ಯ ನಿಜವಾಗಲೂ ಏಟು ಕೊಟ್ಟಿತ್ತು.

ರೀಲ್ ಡಬ್ಬ

ಗಿರಾಕಿ, ಅದೇ ಮಾತಿಗೆ ಬಂದೆ. ನಾವೆಲ್ಲ 999ನ ಅಭಿಮಾನಿಗಳು ಅಂತ ಹೇಳಿಕೊಂಡು ಬಂದವರು. ಈಗ ನೋಡಿದರೆ ಎಲ್ಲರೂ ಹೇಳಿದ್ದು ಮನೆಯೊಳಗಿನ ಕಥೆಗಳನ್ನೇ. ಕಸ್ತೂರಿ ನಿವಾಸ, ಎರಡು ಕನಸು, ಗಾಳಿ ಮಾತು, ಎಡಕಲ್ಲು.

ನನ್ನ ಲೆಕ್ಕ ಹೀಗೆ. ದೊರೈ ಮೂಲತಃ ಕ್ಯಾಮೆರಾಮನ್. ಪತ್ತೇದಾರಿ ಚಿತ್ರದಲ್ಲಿ ನೋಡುವವರಿಗೆ ಏನನ್ನು ಯಾವಾಗ ತೋರಿಸಬೇಕು, ಏನನ್ನು ಮುಚ್ಚಿಡಬೇಕು ಅನ್ನೋದೇ ಕೆಲಸ. ಆ ಕೈ ಪಳಗಿದ ಮೇಲೆ ಕಾದಂಬರಿಗಳಿಗೆ ಬಂದರು. ವಾಣಿ, ಭಾರತೀಸುತ, ತ.ರಾ.ಸು. ಅಲ್ಲೂ ಮಾಡಿದ್ದು ಅದೇ. ಬಾಗಿಲ ಹಿಂದೆ ಯಾರಿದ್ದಾರೆ, ಯಾರು ಯಾವ ಮಾತು ನುಂಗಿದರು, ಯಾವ ಕಾಗದ ಯಾರ ಕೈಗೆ ಸಿಕ್ಕಿತು. ‘ಬಯಲು ದಾರಿ’, ‘ಗಿರಿಕನ್ಯೆ’, ‘ಚಂದನದ ಗೊಂಬೆ’ ಎಲ್ಲ ಹಾಗೇ ಓಡುತ್ತವೆ. ಅಳುವಿನ ಚಿತ್ರ ಅನ್ನುತ್ತಾರೆ, ಆದರೆ ಮಧ್ಯೆ ಎದ್ದು ಹೋಗೋಕೆ ಆಗಲ್ಲ. ನಮ್ಮಪ್ಪ ಹೇಳುತ್ತಿದ್ದರು, ಬೇರೆಯವರ ಸಂಸಾರದ ಚಿತ್ರಕ್ಕೆ ಹಾಡು ಬಂದಾಗ ಜನ ಸೋಡಾ ಕುಡಿಯೋಕೆ ಹೊರಗೆ ಬರುತ್ತಾರೆ, ಇವರಿಬ್ಬರ ಚಿತ್ರಕ್ಕೆ ಸೋಡಾದವನು ಒಳಗೆ ಬಂದು ನಿಲ್ಲುತ್ತಾನೆ ಅಂತ.

ಬಾಲ್ಕನಿ ಭಾಗ್ಯ

ಡಬ್ಬ ಅಣ್ಣ, ಅರ್ಧ ಒಪ್ಪುತ್ತೇನೆ. 999 ಅಂದರೆ ಬರೀ ತಾಲೀಮು ಅನ್ನೋ ಹಾಗೆ ಮಾತಾಡಬೇಡಿ. ಆ ಕಪ್ಪು–ಬಿಳುಪು ಜೇಡರ ಬಲೆಯಲ್ಲಿ ಒಂದು ಮಜಾ ಇದೆ, ಅದು ಮುಂದೆ ಅವರ ಯಾವ ಚಿತ್ರದಲ್ಲೂ ಬರಲಿಲ್ಲ. ಮುಂದಿನ ಚಿತ್ರಗಳಲ್ಲಿ ಎಲ್ಲರೂ ಎಷ್ಟು ಒಳ್ಳೆಯವರು! ಇಲ್ಲಿ ಅಣ್ಣಾವ್ರು ಸುಳ್ಳು ಹೇಳುತ್ತಾರೆ, ಕಣ್ಣು ಹೊಡೆಯುತ್ತಾರೆ, ಬಾಗಿಲು ಒದ್ದು ಒಳಗೆ ಬರುತ್ತಾರೆ. ಆರು ವರ್ಷದ ಮೇಲೆ ಅದೇ ಮನುಷ್ಯ ರಾಮಚಂದ್ರ ಆಗಿ ಬಾಗಿಲು ಹಾಕಿಕೊಂಡು ಕೂರುತ್ತಾರೆ.

2023ರ ಫೆಬ್ರವರಿಯಲ್ಲಿ ಭಗವಾನ್ ತೀರಿಕೊಂಡ ದಿನ ಟಿವಿಯವರು ದಿನವಿಡೀ ಕಸ್ತೂರಿ ನಿವಾಸದ ಹಾಡು ಹಾಕಿದರು. ಸರಿಯೇ. ಆದರೆ ನಾನು ರಾತ್ರಿ ಕೂತು ನೋಡಿದ್ದು ಜೇಡರ ಬಲೆ. ಅವತ್ತು ಅಳೋದು ಬೇಡ ಅನಿಸಿತ್ತು.

ಮಸಾಲೆಪುರಿ

ಮಿರ್ಚಿ ಅಣ್ಣ, ಸನಾದಿ ಅಪ್ಪಣ್ಣ ನೋಡಿದೆ. ನೀವು ಹೇಳಿದ ಹಾಗೆ ಆ ಹಾಡನ್ನು ಮೊದಲು ಸದ್ದು ತೆಗೆದು ನೋಡಿದೆ, ಆಮೇಲೆ ಸದ್ದು ಹಾಕಿ ನೋಡಿದೆ. ಜಯಪ್ರದಾ ಹೆಜ್ಜೆಗೂ ಆ ಬೆರಳಿಗೂ ಲೆಕ್ಕ ತಪ್ಪಲ್ಲ. ನಾನು ಗಿಟಾರ್ ಕಲಿಯುತ್ತಾ ಇದ್ದೇನೆ, ನಾಲ್ಕು ತಿಂಗಳಾಯಿತು. ಸುಮ್ನೆ ಹೇಳಿದೆ.

ಸೊನ್ನೆ ಸೊನ್ನೆ ಏಳು

ದಂಡ ಕಟ್ಟಿ ಬಂದೆ.

ಶನಿವಾರ ರಾತ್ರಿ ಲ್ಯಾಪ್‌ಟಾಪನ್ನು ಟಿವಿಗೆ ಸಿಕ್ಕಿಸಿ ‘ಎರಡು ಕನಸು’ ಹಾಕಿದೆ. ಮೊದಲ ಅರ್ಧ ಗಂಟೆ ಯಾವಾಗ ಮುಗಿಯುತ್ತೋ ಅಂತ ಕೂತಿದ್ದೆ, ಸುಳ್ಳು ಯಾಕೆ ಹೇಳಲಿ. ಅಮ್ಮ ಒಳಗೆ ದೋಸೆ ಹುಯ್ಯುತ್ತಿದ್ದರು. ‘ಪೂಜಿಸಲೆಂದೇ’ ಶುರುವಾಯಿತು. ಒಳಗೆ ಚುಂಯ್ ಸದ್ದು ನಿಂತಿತು. ನೋಡಿದರೆ ಅಮ್ಮ ಸ್ಟವ್ ಆರಿಸಿ, ಸೌಟು ಕೈಯಲ್ಲೇ ಹಿಡಿದು ಬಾಗಿಲಲ್ಲಿ ನಿಂತಿದ್ದಾರೆ. ಹಾಡು ಮುಗಿಯುವ ತನಕ ಒಳಗೂ ಹೋಗಲಿಲ್ಲ, ಬಂದು ಕೂರಲೂ ಇಲ್ಲ. ಹಿಟ್ಟು ಸೌಟಿನಿಂದ ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಅಮ್ಮನಿಗೆ ಗೊತ್ತಿಲ್ಲ, ನಾನೂ ಹೇಳಲಿಲ್ಲ.

ಆಮೇಲೆ ದೋಸೆ ತಟ್ಟೆಗೆ ಹಾಕುತ್ತಾ, "ಅವನು ಬೇರೆ ಯಾರನ್ನೋ ಇಷ್ಟಪಟ್ಟಿದ್ದು ತಪ್ಪಲ್ಲ ಕಣೋ. ಇವಳ ಮುಂದೆ ಊಟಕ್ಕೆ ಕೂತು ತಲೆ ಎತ್ತಲಿಲ್ಲ ನೋಡು, ಅದು" ಅಂದರು. ಅಪ್ಪ ಎದುರುಗಡೆ ಕೂತು ಮೊಬೈಲ್ ನೋಡಿಕೊಂಡು ತಿನ್ನುತ್ತಿದ್ದರು. ನಾನು ಚಟ್ನಿ ಕೇಳಿದೆ.

‘ದಿ ಹಿಲ್’ ನನ್ನ ಪಟ್ಟಿಯಲ್ಲಿ ಹಾಗೇ ಇರುತ್ತೆ, ಅದನ್ನು ಬಿಟ್ಟುಕೊಡಲ್ಲ. ಆದರೆ ರೀಲ್ ಡಬ್ಬ ಅವರೇ, ಆ ‘ಗಾಳಿ ಮಾತು’ ನೋಡೋ ಹಾಗಿರುವ ಪ್ರತಿ ಎಲ್ಲಿದೆ? ನನಗೆ ಸಿಕ್ಕಿದ್ದರಲ್ಲಿ ಮಾತು ಒಂದು ಕಡೆ, ತುಟಿ ಒಂದು ಕಡೆ. ಅಮ್ಮ ಭಾನುವಾರಕ್ಕೆ ಬೇಕು ಅಂದಿದ್ದಾರೆ.

ರೀಲ್ ಡಬ್ಬ

ಮಾತು ಮೊದಲು ಬಂದು ತುಟಿ ಆಮೇಲೆ ಬರುತ್ತಾ, ತುಟಿ ಮೊದಲಾ? ಅದನ್ನು ಹೇಳಿ. ಮಾತು ಹಿಂದೆ ಬಿದ್ದಿದ್ದರೆ ಪ್ಲೇಯರ್‌ನಲ್ಲೇ ಸರಿ ಮಾಡಬಹುದು. ಸಂಜೆ ಕೂತು ತೋರಿಸುತ್ತೇನೆ.